ಒಂದು ಬಿಟ್ಟು ಒಂದು ಮನೆಗೆ ನಲ್ಲಿ

ನಮ್ಮೂರಿನಲ್ಲಿ ಯಾರ ಹೊಟ್ಟೆಯಲ್ಲಿ ಎಷ್ಟು ಕಿಚ್ಚಿದೆ ಎಂದು ತಿಳಿಯಲು ಮುಖ ನೋಡಬೇಕಾಗಿಲ್ಲ, ಅಂಗಳದ ಮರ ನೋಡಿದರೆ ಸಾಕು. ಪ್ರತಿ ಮನೆಯ ಮುಂದೂ ಒಂದು ಮರವಿದೆ. ಕೆಲವರದ್ದು ಹೇರಳೆ, ಕೆಲವರದ್ದು ಕಂಚಿ, ಕೆಲವರದ್ದು ಮಾದಲ, ಮೇಲಿನ ಬೀದಿಯವರದ್ದು ಗಜನಿಂಬೆ. ಮನೆಯವರು ಯಾರನ್ನಾದರೂ ನೋಡಿ ಉರಿದುಕೊಂಡರೆ ಮರ ಕಾಯಿ ಬಿಡುತ್ತದೆ. ಬೆಳಿಗ್ಗೆ ಉರಿದರೆ ಸಂಜೆಗೆ ಕಾಯಿ. ಉರಿ ಜೋರಾಗಿದ್ದರೆ ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಕಾಯಿ. ಉರಿ ಆರಿತೋ, ಕೊಂಬೆಯಲ್ಲಿ ಉಳಿದದ್ದು ಸುಕ್ಕಾಗಿ ತಾನೇ ಉದುರುತ್ತದೆ. ಹೂವಿಲ್ಲ, ಮಿಡಿಯಿಲ್ಲ, ಗೊಬ್ಬರದ ಗೊಡವೆಯಿಲ್ಲ.

ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮೊದಲು ಮರ ನೋಡುತ್ತಾರೆ. ಹೊಸ ಸೀರೆ ಉಟ್ಟವರು ಬೀದಿಗಿಳಿಯುವಾಗ ಮೇಲೊಂದು ಹಳೇ ಶಾಲು ಹೊದೆಯುತ್ತಾರೆ. ಬಸುರಿಯ ಸುದ್ದಿಯನ್ನು ಐದು ತಿಂಗಳು ತುಂಬುವವರೆಗೆ ಹೊಸ್ತಿಲು ದಾಟಿಸುವುದಿಲ್ಲ, ದಾಟಿದರೆ ಬೀದಿಯಲ್ಲಿ ಎಷ್ಟು ಮರದ ಕೊಂಬೆ ಮುರಿಯುತ್ತದೋ ಹೇಳಲಾಗದು. ಇನ್ನೊಂದು ಪದ್ಧತಿಯಿದೆ. ಮರದ ಮೊದಲ ಕಾಯಿಯನ್ನು ಯಾರನ್ನು ನೋಡಿ ಉರಿದೆವೋ ಅವರ ಹೊಸ್ತಿಲ ಮೇಲೆ ಮಾತಿಲ್ಲದೆ ಇಟ್ಟು ಬರಬೇಕು. ತೆಗೆದುಕೊಂಡವರು ಏಕೆ, ಏನು ಎಂದು ಕೇಳಬಾರದು. ಉಪ್ಪಿನಕಾಯಿ ಹಾಕಿ ತಿಂದು ಮರೆತುಬಿಡಬೇಕು.

ಕಿತ್ತಳೆ, ಮೂಸಂಬಿ, ನಿಂಬೆಯನ್ನು ದೇಶದಲ್ಲಿ ಯಾರು ಯಾರೋ ಬೆಳೆಯುತ್ತಾರೆ. ಉಳಿದ ಹೇರಳೆ, ಕಂಚಿ, ಮಾದಲಗಳಿಗೆ ಸರ್ಕಾರ 'ಕಿರು ಹುಳಿಹಣ್ಣು' ಎಂದು ಹೆಸರಿಟ್ಟಿದೆ. ಅವು ದೇಶಕ್ಕೆಲ್ಲ ಹೋಗುವುದು ನಮ್ಮೂರಿನಿಂದ. ಅದಕ್ಕೆಂದೇ ಇಲ್ಲೊಂದು ಸರಬರಾಜು ಕಚೇರಿ, ಕಚೇರಿಗೊಂದು ಹಿತ್ತಾಳೆ ತಕ್ಕಡಿ. ಆರು ತಿಂಗಳಿಗೊಮ್ಮೆ ಮನೆಮನೆಯ ಕಾಯಿ ಕೊಯ್ದು ತೂಗುತ್ತಾರೆ. ತೂಗುವವರ ಮರ ಮಾತ್ರ ಬರಿದಾಗಿರಬೇಕು. ಒಂದೇ ಒಂದು ಕಾಯಿ ಕಂಡರೂ ತಕ್ಕಡಿ ಬೇರೆಯವರ ಮನೆಗೆ ಹೋಗುತ್ತದೆ. ಹನ್ನೊಂದು ವರ್ಷದಿಂದ ಅದು ನನ್ನ ಮನೆಯಲ್ಲಿತ್ತು. ಊರವರು ನನ್ನನ್ನು ಕರೆಯುತ್ತಿದ್ದುದೇ ತಕ್ಕಡಿ ಚೆನ್ನಾಜಮ್ಮ ಎಂದು.

ಆ ತಕ್ಕಡಿ ನನಗೆ ಏನಾಗಿತ್ತೆಂದು ಹೇಳಿಬಿಡುತ್ತೇನೆ. ನಾನು ವಿಧವೆ, ಮಕ್ಕಳಿಲ್ಲದವಳು. ಅಂಥವಳನ್ನು ಮದುವೆಗೆ, ನಾಮಕರಣಕ್ಕೆ, ಸೀಮಂತಕ್ಕೆ ಯಾರು ಕರೆಯುತ್ತಾರೆ? ಎದುರಿಗೆ ಬಂದರೆ ಅಪಶಕುನವೆಂದು ಚಪ್ಪಲಿ ಬಿಟ್ಟು ಕುಳಿತು ಹೋಗುವ ಜನ. ಆದರೆ ತಕ್ಕಡಿಯವಳಾದ ಮೇಲೆ ನನ್ನ ಕಣ್ಣಿಗೆ ನಂಜಿಲ್ಲ ಎಂದು ಮರವೇ ಸಾಕ್ಷಿ ಹೇಳಿದಂತಾಯಿತು. ತೊಟ್ಟಿಲಿಗೆ ಮಗು ಹಾಕುವಾಗ ಮೊದಲ ತಳ್ಳು ನನ್ನ ಕೈಯಿಂದ. ಧಾರೆಯ ಹೊತ್ತಿಗೆ ಮುಂದಿನ ಸಾಲಿನಲ್ಲಿ ನನಗೊಂದು ಮಣೆ. ನನಗೆ ಹೊಟ್ಟೆಕಿಚ್ಚೇ ಇಲ್ಲವೆಂದು ನಾನೂ ನಂಬಿದ್ದೆ. ಮಕ್ಕಳೆಂದರೆ ಸುರಿಯುವ ಮೂಗು, ರಾತ್ರಿಯೆಲ್ಲ ರಗಳೆ, ನನಗೇಕೆ ಅದು ಎಂದುಕೊಂಡು ಹಾಯಾಗಿದ್ದೆ. ಮನೆಯಲ್ಲಿ ನಾನೊಬ್ಬಳೇ ಇದ್ದುದರಿಂದ ಮರದಲ್ಲಿ ಬಿಟ್ಟರೆ ಅದು ನನ್ನದೇ, ಬೇರೆಯವರ ತಲೆಗೆ ಕಟ್ಟುವಂತಿರಲಿಲ್ಲ.

ಗ್ರಹಚಾರ ಶುರುವಾದದ್ದು ದೇಶದ ಕಡೆಯಿಂದ. ಏಳು ವರ್ಷದಿಂದ ನಮ್ಮೂರ ಸರಬರಾಜು ಇಳಿಯುತ್ತಾ ಬಂದಿತ್ತು. ಕಚೇರಿಯ ಗೋಡೆಯ ಮೇಲೆ ವರ್ಷಕ್ಕೊಂದು ಮೊಳೆ ಹೊಡೆದು ಕೆಂಪು ದಾರ ಕಟ್ಟಿದ್ದರು. ದಾರ ಸೂರಿನ ಹತ್ತಿರ ಹೊರಟು ಈಗ ಕುರ್ಚಿಯ ಕೈಯವರೆಗೆ ಇಳಿದಿತ್ತು. ಒಂಬೈನೂರು ಗಾಡಿ ಹೋಗುತ್ತಿದ್ದಲ್ಲಿ ಮುನ್ನೂರಹತ್ತು. ಜನ ಒಳ್ಳೆಯವರಾದರು ಎಂದಲ್ಲ. ದೊಡ್ಡ ರಸ್ತೆ ಆಚೆ ಬೆಟ್ಟದ ಮಗ್ಗುಲಿಗೆ ಹೋದ ಮೇಲೆ ಊರಿಗೆ ಹೊಸ ಸಾಮಾನು ಬರುವುದೇ ನಿಂತಿತ್ತು. ಎಲ್ಲರ ಮನೆಯಲ್ಲೂ ಅದೇ ನೆಗ್ಗಿದ ತಪ್ಪಲೆ, ಅದೇ ಮಾಸಿದ ಚಾಪೆ. ಉರಿಯುವುದಕ್ಕೂ ಸೌದೆ ಬೇಕಲ್ಲ. ರಾಜಧಾನಿಯಲ್ಲಿ ಉಪ್ಪಿನಕಾಯಿ ಜಾಡಿಗಳು ಖಾಲಿಯಾಗಿ, ಪೂಜೆಗೆ ಮಾದಲ ಸಿಗದೆ, ಕೊನೆಗೆ ಮುಕುಂದರಾಯರೆಂಬ ಅಧಿಕಾರಿಯನ್ನು ಯೋಜನೆಯ ಸಮೇತ ಇಲ್ಲಿಗೆ ಕಳಿಸಿದರು.

ಮುಕುಂದರಾಯರು ತೆಳ್ಳಗಿನ ಮನುಷ್ಯ, ಮಾತು ಬೆಣ್ಣೆ. ನಮ್ಮ ಬೀದಿಯನ್ನು ಒಂದು ಸಲ ನಡೆದು ನೋಡಿ, ಮಧ್ಯಾಹ್ನ ನನ್ನ ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಾ ಯೋಜನೆ ಹೇಳಿದರು. "ಈ ಬೀದಿಗೆ ನಲ್ಲಿ ಹಾಕಿಸ್ತೀವಿ ಅಮ್ಮ. ಆದ್ರೆ ಎಲ್ಲರಿಗೂ ಅಲ್ಲ, ಒಂದು ಬಿಟ್ಟು ಒಂದು ಮನೆಗೆ. ಬೆಸ ನಂಬರಿಗೆ ನಲ್ಲಿ, ಸಮ ನಂಬರಿಗೆ ಬಾವಿ. ನಲ್ಲಿ ಬಂದ ಮನೆಯೋರು ಮತ್ತೆ ಬಾವಿಕಟ್ಟೆ ಹತ್ತೋ ಹಾಗಿಲ್ಲ."

ಬೇರೆ ಏನೂ ಹೇಳಬೇಕಾಗಿರಲಿಲ್ಲ. ದೇಶಕ್ಕೆ ಹುಳಿ ಬೇಕಾಗಿದೆ, ಅದಕ್ಕೆ ನಮ್ಮ ನಡುವೆ ಹುಳಿ ಹಿಂಡಲು ಬಂದಿದ್ದಾರೆ ಎಂದು ನನಗೆ ಆಗಲೇ ಅರ್ಥವಾಯಿತು. ಒಪ್ಪದೆ ಗಲಾಟೆ ಮಾಡಬಹುದಿತ್ತು. ಆದರೆ ನನ್ನ ತಲೆ ಓಡಿದ್ದೇ ಬೇರೆ ಕಡೆಗೆ. ಹನ್ನೊಂದು ವರ್ಷ ಸರ್ಕಾರದ ತಕ್ಕಡಿ ಹಿಡಿದ ಕೈಗೆ ಒಂದು ನಲ್ಲಿ ಹೆಚ್ಚೇ? ಗಿರಣಿ ಕಡೆಯಿಂದ ಎಣಿಸಿದರೆ ನನ್ನ ಮನೆ ಇಪ್ಪತ್ತನಾಲ್ಕನೆಯದು. ಬಾವಿ ಕಡೆಯಿಂದ ಎಣಿಸಿದರೆ ಹದಿನೈದು.

"ಯಾವ ಕಡೆಯಿಂದ ನಂಬರು ಹಾಕೋಣ?" ಎಂದು ರಾಯರು ಕೇಳಿದರು.

"ಬಾವಿ ಕಡೆಯಿಂದ ಸ್ವಾಮಿ. ನೀರಿನ ವಿಷಯ ಅಲ್ವಾ, ಬಾವಿಯಿಂದ್ಲೇ ಶುರು ಆಗ್ಲಿ, ಶುಭ," ಎಂದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬಾವಿಯಿಂದ ಒಂಬತ್ತನೆಯದು ಎಣ್ಣೆ ವ್ಯಾಪಾರಿಯ ಬೀಗ ಹಾಕಿದ ಮನೆ. ವಾಸವಿಲ್ಲದ ಮನೆಯಲ್ಲಿ ಯಾರು ಉರಿಯುತ್ತಾರೆ ಎಂದು ರಾಯರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸುಣ್ಣದ ಬ್ರಷ್ ಹಿಡಿದ ಕೂಲಿಯವನು ನನ್ನ ಗೋಡೆಯ ಮೇಲೆ ಹದಿನಾಲ್ಕು ಎಂದು ಬರೆದ. ಪಕ್ಕದ ಗೋಡೆಗೆ ಹದಿನೈದು. ಪಕ್ಕದ್ದು ರಾಜಮ್ಮಣ್ಣಿಯ ಮನೆ.

ರಾಜಮ್ಮಣ್ಣಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ನಡುಗೋಡೆಯ ಮೇಲಿನಿಂದ ಸಾರು, ಹುಳಿ, ಕಷ್ಟಸುಖ ಎಲ್ಲ ಆ ಕಡೆ ಈ ಕಡೆ ದಾಟಿವೆ. ಅವಳ ಗಂಡನಿಗೆ ಕಿವಿ ಕೇಳಿಸದು. ಯಾರು ಬದುಕಿದರು, ಯಾರು ಕೆಟ್ಟರು ಎಂಬುದೇ ತಿಳಿಯದ ಕಾರಣ ಯಾರನ್ನು ಕಂಡೂ ಉರಿ ಎಂಬುದಿಲ್ಲದ ಪುಣ್ಯಾತ್ಮ. ಒಬ್ಬಳೇ ಮಗಳು ಪಂಕಜ. ಹಿಂದಿನ ವರ್ಷ ಅದೇ ಬೀದಿಯ ಎರಡನೇ ಮನೆಗೆ, ಬಾವಿಯ ಪಕ್ಕದ ಹೊಂಬಾಳಮ್ಮನ ಮಗನಿಗೆ ಕೊಟ್ಟಿದ್ದರು. ಹೊಂಬಾಳಮ್ಮ ಬಿಗಿ ಹೆಂಗಸು. ಸೊಸೆ ತವರಿಗೆ ಹೋಗುವುದು ಹಬ್ಬಕ್ಕೆ ಮಾತ್ರ, ಬೀಗಿತ್ತಿ ಕರೆಯದೆ ಬರುವ ಹಾಗೇ ಇಲ್ಲ. ಹಾಗಾಗಿ ತಾಯಿ ಮಗಳು ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಸಿಗುತ್ತಿದ್ದರು. ಒಂದು ಕೊಡ ನೀರು ಸೇದಲು ಅರ್ಧ ಗಂಟೆ. ನಾನು ನನ್ನ ಪಾಡಿಗೆ ರಾಟೆ ಎಳೆದುಕೊಂಡು, ಇವರಿಗೇನು ಇಷ್ಟೊಂದು ಮಾತು ಎಂದುಕೊಳ್ಳುತ್ತಿದ್ದೆ.

ನಲ್ಲಿ ಬಂತು. ನಾನು ನೋಡಬಾರದೆಂದೇ ಒಳಗೆ ಕುಳಿತಿದ್ದೆ. ಆದರೆ ಸದ್ದಿಗೆ ಗೋಡೆಯುಂಟೇ? ಬೆಳಿಗ್ಗೆ ಆರಕ್ಕೆ ಆ ಕಡೆ ಅವಳ ಹಂಡೆಗೆ ಧೋ ಎಂದು ನೀರು ಬೀಳುವುದು, ಈ ಕಡೆ ನಾನು ನಲವತ್ತೆಂಟರ ಸೊಂಟಕ್ಕೆ ಕೊಡ ಏರಿಸಿಕೊಂಡು ಹೊರಡುವುದು. ಅವಳು ಅಂಗಳಕ್ಕೆ ನೀರು ಹಾಕುವುದಲ್ಲ, ಸುರಿಯುವುದು. ಮೆಟ್ಟಿಲು ತೊಳೆದಳು, ಕಂಬ ತೊಳೆದಳು, ಕಲ್ಲು ಬೆಂಚು ತೊಳೆದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಾನು ಹಲ್ಲು ಕಡಿದೆ. ಅದು ನನಗೆ ಬರಬೇಕಾದ ನಲ್ಲಿ. ಆ ಎಣ್ಣೆ ವ್ಯಾಪಾರಿ ಬೀಗ ಹಾಕಿಕೊಂಡು ಹೋಗದೇ ಇದ್ದಿದ್ದರೆ ಅದು ನನ್ನದೇ. ಮೂರನೇ ದಿನ ನನ್ನ ಹೇರಳೆ ಮರದ ಕೆಳಗಿನ ಕೊಂಬೆಯಲ್ಲಿ ಒಂದು ಕಾಯಿ ನೇತಾಡುತ್ತಿತ್ತು. ಹಸಿರು, ದಪ್ಪ ಚರ್ಮ, ನನ್ನ ಮುಷ್ಟಿಯಷ್ಟು.

ಪದ್ಧತಿಯಂತೆ ಅದನ್ನು ರಾಜಮ್ಮಣ್ಣಿಯ ಹೊಸ್ತಿಲ ಮೇಲೆ ಇಡಬೇಕಾಗಿತ್ತು. ಇಟ್ಟರೆ ಊರಿಗೆ ಗೊತ್ತಾಗುತ್ತದೆ, ತಕ್ಕಡಿ ಹೋಗುತ್ತದೆ. ಕಿತ್ತು ಸೆರಗಿನಲ್ಲಿ ಮುಚ್ಚಿದೆ. ಮಾರನೇ ದಿನ ಎರಡು, ಅದರ ಮಾರನೇ ದಿನ ನಾಲ್ಕು. ಹೂತಿಟ್ಟರೆ ನಾಯಿ ಕೆದಕುತ್ತದೆ, ಒಲೆಗೆ ಹಾಕಿದರೆ ಬೀದಿಗೆಲ್ಲ ವಾಸನೆ. ಕೊನೆಗೆ ಖಾಲಿ ಕೊಡದೊಳಗೆ ಹಾಕಿಕೊಂಡು ಬಾವಿಗೆ ಹೋಗತೊಡಗಿದೆ, ಅಲ್ಲಿ ಹಿಂದಿನ ಪೊದೆಗೆ ಎಸೆಯೋಣವೆಂದು.

ಕೊಡ ಬಗ್ಗಿಸುವಾಗ ಹಿಂದಿನಿಂದ ಪಂಕಜ ಬಂದಳು. ಕಾಯಿ ನೋಡಿದ್ದೇ ಅವಳ ಕಣ್ಣು ಅಗಲವಾಯಿತು. "ದೊಡ್ಡಮ್ಮಾ, ಹೇರಳೆಕಾಯಾ? ನಂಗೊಂದು ಕೊಡಿ ದೊಡ್ಡಮ್ಮ. ಯಾರದ್ದು ಅಂತ ಕೇಳಲ್ಲ."

ಅಲ್ಲೇ ಕಲ್ಲಿಗೆ ಕುಟ್ಟಿ, ಸಿಪ್ಪೆ ಹರಿದು, ಮುಖ ಕಿವುಚದೆ ತಿಂದಳು. ಅಷ್ಟು ಹುಳಿಯನ್ನು ಹಾಗೆ ತಿನ್ನುವವರು ಇನ್ಯಾರು? "ಎಷ್ಟು ತಿಂಗಳೇ?" ಎಂದೆ. ಎರಡು ಬೆರಳು ತೋರಿಸಿ ನಾಚಿದಳು. ಮನೆಯಲ್ಲಿ ಗಂಡ, ಅತ್ತೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ಅಮ್ಮಂಗೆ ನೀವೇ ಹೇಳಿ ದೊಡ್ಡಮ್ಮ, ಬೇರೆ ಯಾರ ಕೈಲೂ ಹೇಳಿಸಕ್ಕೆ ಧೈರ್ಯ ಇಲ್ಲ. ಅತ್ತೆ ನನ್ನ ಅಲ್ಲಿಗೆ ಕಳಿಸಲ್ಲ. ನಲ್ಲಿ ಮನೆಗೆ ಹೋಗಿ ಬಂದ್ರೆ ನೀನು ಉರ್ಕೋತೀಯ, ನಮ್ಮ ಮರಕ್ಕೆ ಕಾಯಿ ಬರುತ್ತೆ ಅಂತಾರೆ."

ಹೇಳೋಣವೆಂದೇ ಬಂದೆ, ದೇವರಾಣೆ. ನಡುಗೋಡೆಯ ಹತ್ತಿರ ಹೋಗಿ "ರಾಜೀ" ಎಂದು ಕೂಗಿದೆ. ಅವಳು ರಬ್ಬರು ಕೊಳವೆ ಹಿಡಿದು ಕಂಚಿ ಮರದ ಎಲೆ ತೊಳೆಯುತ್ತಿದ್ದಳು. ಎಲೆ! ನನ್ನ ಸೊಂಟದ ಮೇಲಿನ ಕೊಡ ನೋಡಿ, "ಅಯ್ಯೋ ಚೆನ್ನಾಜಕ್ಕ, ಪಾಪ, ಆ ಸೊಂಟ ಇಟ್ಕೊಂಡು ಯಾಕೆ ಒದ್ದಾಡ್ತೀಯ? ಎರಡು ಕೊಡ ಇಲ್ಲೇ ಹಿಡ್ಕೊಂಡು ಹೋಗು, ಯಾರು ಕೇಳ್ತಾರೆ," ಎಂದಳು.

ಪಾಪ ಎಂದಳಲ್ಲ! ಅವಳು ಮನಸ್ಸಿನಿಂದಲೇ ಹೇಳಿದ್ದು, ಅದು ನನಗೆ ಗೊತ್ತು. ಗೊತ್ತಿದ್ದರಿಂದಲೇ ಇನ್ನಷ್ಟು ಉರಿಯಿತು. "ಬೇಡ ಕಣೆ, ಬಾವಿ ನೀರೇ ಸಿಹಿ," ಎಂದು ಒಳಗೆ ಬಂದುಬಿಟ್ಟೆ. ಹೇಳಲಿಲ್ಲ. ಸಂಜೆಗೆ ಮರದಲ್ಲಿ ಒಂಬತ್ತು ಕಾಯಿ.

ಹೀಗೆ ಇಪ್ಪತ್ತು ದಿನ ನಡೆಯಿತು. ದಿನಾ ಕೊಡದಲ್ಲಿ ಕಾಯಿ ಒಯ್ಯುತ್ತಿದ್ದೆ, ಪಂಕಜ ಉಪ್ಪು ಕಟ್ಟಿಕೊಂಡು ಬಂದು ತಿನ್ನುತ್ತಿದ್ದಳು. ನನ್ನ ಕಳ್ಳಮಾಲು ಅವಳ ಬಯಕೆಯೊಳಗೆ ಕರಗುತ್ತಿತ್ತು. ಒಂದು ದಿನ ತಿಂದಾದ ಮೇಲೆ ಹಾಗೇ ನನ್ನ ತೋಳಿಗೆ ತಲೆ ಆನಿಸಿ ಕುಳಿತಳು. ತಲೆಗೆ ಹರಳೆಣ್ಣೆಯ ವಾಸನೆ. ನಾನು ಕೊಡ ತುಂಬಿದರೂ ಏಳಲಿಲ್ಲ.

ಅದಾದ ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ರಾಜಮ್ಮಣ್ಣಿ ನನ್ನ ಹೊಸ್ತಿಲ ಮುಂದೆ ಬಗ್ಗಿದ್ದಳು. ಕೈಯಲ್ಲಿ ಒಂದು ಕಂಚಿಕಾಯಿ. ನನ್ನನ್ನು ಕಂಡು ಬೆಚ್ಚಿ, ಅದನ್ನು ಹೊಸ್ತಿಲ ಮೇಲಿಟ್ಟು ಹೊರಟಳು. ಕೇಳಬಾರದೆಂದು ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಏ ರಾಜಿ, ಮನೆ ತಪ್ಪಿ ಬಂದ್ಯೇನೇ? ನಲ್ಲಿ ಇರೋದು ನಿಂಗೆ. ನನ್ನ ನೋಡಿ ನೀನು ಉರ್ಕೊಳ್ಳೋಕೆ ನನ್ನ ಹತ್ರ ಏನಿದೆ?"

ಅವಳು ತಿರುಗದೆಯೇ ಹೇಳಿದಳು. "ದಿನಾ ಬೆಳಿಗ್ಗೆ ನನ್ ಮಗಳ ಮುಖ ನೋಡ್ತೀಯಲ್ಲಕ್ಕ. ಅದಕ್ಕೆ." ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ನಲ್ಲೀನ ಕಿತ್ಕೊಂಡು ಹೋಗಿ ಅಂತ ಕಚೇರಿಗೆ ಹೋಗಿದ್ದೆ. ಒಂದು ಸಲ ಕೊಟ್ಟಿದ್ದು ವಾಪಸ್ ಇಲ್ಲ ಅಂದ್ರು. ತೊಳ್ದು ತೊಳ್ದು ಸಾಕಾಯ್ತು. ಬೇರೆ ಏನು ಮಾಡ್ಲಿ ಆ ನೀರ್ನ?" ಎಂದಳು.

ಒಳ್ಳೆಯ ಹೆಂಗಸಾಗಿದ್ದರೆ ಅಲ್ಲೇ ಅವಳ ಕೈ ಹಿಡಿದು ಸುದ್ದಿ ಹೇಳುತ್ತಿದ್ದಳು. ನನಗೇನಾಯಿತು ಗೊತ್ತೇ? ಖುಷಿಯಾಯಿತು. ಎದೆಯೊಳಗೆ ದೀಪ ಹಚ್ಚಿಟ್ಟಂತೆ ಖುಷಿ. ಆ ಕಂಚಿಕಾಯಿಯನ್ನು ಕೈಯಲ್ಲಿ ಹಿಡಿದು ಮೂಸಿ ಮೂಸಿ ನೋಡಿದೆ. ಹುಟ್ಟಿದ ಮೇಲೆ ನನ್ನ ಹೊಸ್ತಿಲಿಗೆ ಬಂದ ಮೊದಲ ಕಾಯಿ ಅದು. ಈ ಊರಿನಲ್ಲಿ ನನ್ನನ್ನು ಕಂಡು ಇದುವರೆಗೆ ಒಬ್ಬರೂ ಉರಿದಿರಲಿಲ್ಲ. ಉರಿಯುವಂಥದ್ದೇನಿತ್ತು? ಈಗ ನಲ್ಲಿಯ ಒಡತಿಯೇ ನನ್ನ ಬಾವಿಯನ್ನು ನೋಡಿ ಉರಿಯುತ್ತಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ನನ್ನ ಮರದ ಹೇರಳೆಗಳೆಲ್ಲ ಸುಕ್ಕಾಗಿ ಪಟಪಟ ಉದುರಿದವು. ಗುಡಿಸಿ ಹಾಕಿದೆ. ಆಮೇಲೆ ಧೋ ಎನ್ನುವ ಸದ್ದು ಕೇಳಿದರೂ ನನಗೆ ಏನೂ ಆಗಲಿಲ್ಲ. ತಕ್ಕಡಿ ಉಳಿಯಿತು ಎಂದು ಹುಣಿಸೆಹಣ್ಣು ಹಚ್ಚಿ ಫಳಫಳ ತಿಕ್ಕಿಟ್ಟೆ.

ದಿನಾ ಸಂಜೆ ನಡುಗೋಡೆಯ ಮೇಲಿನಿಂದ ಅವಳು ಕೇಳುತ್ತಿದ್ದಳು. "ಇವತ್ತು ಬಂದಿದ್ಲಾ? ಚೆನ್ನಾಗಿದ್ಲಾ?" ನಾನು, "ಹೂಂ, ಇದ್ದಾಳೆ," ಎನ್ನುತ್ತಿದ್ದೆ. ಅಷ್ಟೇ. ಅದಕ್ಕಿಂತ ಹೆಚ್ಚು ಒಂದಕ್ಷರ ಕೊಟ್ಟರೂ ನನ್ನ ಗಂಟು ಕರಗಿಹೋಗುತ್ತದೆ ಎಂಬ ಜಿಪುಣತನ. ಅವಳ ಕಂಚಿ ಮರ ಮಾತ್ರ ವಾರದಿಂದ ವಾರಕ್ಕೆ ಬಗ್ಗುತ್ತಾ ಹೋಯಿತು. ಕಿವುಡ ಗಂಡ ಕವೆಗೋಲು ತಂದು ಕೊಂಬೆಗಳಿಗೆ ಆನಿಸಿದ, ಯಾಕೆ ಬಿಟ್ಟಿದೆ ಎಂದು ಕೇಳದೆ.

ನನ್ನ ಮರ ಬರಿದಾದ ಮೇಲೆ ಹುಡುಗಿಗೆ ಹುಳಿ ಎಲ್ಲಿಂದ ತರಲಿ? ನಾಚಿಕೆ ಬಿಟ್ಟು ಹೇಳುತ್ತೇನೆ, ರಾಜಮ್ಮಣ್ಣಿಯ ಹತ್ತಿರವೇ ಎರಡು ಕಂಚಿಕಾಯಿ ಕೇಳಿ ತಂದೆ, ಚಿತ್ರಾನ್ನಕ್ಕೆ ಎಂದು. ಬಾವಿಕಟ್ಟೆಯಲ್ಲಿ ಪಂಕಜ ಒಂದು ಸೀಳು ಬಾಯಿಗಿಟ್ಟು ತಟ್ಟನೆ ನಿಂತಳು.

"ಇದು ನಮ್ಮನೆ ಮರದ್ದು. ಅಮ್ಮ ಕಳಿಸಿದ್ಲಾ ದೊಡ್ಡಮ್ಮ?"

ಆ ಮುಖ ಅರಳಲು ಹೊರಟಿತ್ತು. ಅದಕ್ಕೆ ಮೊದಲೇ ನಾನು ಹೇಳಿಬಿಟ್ಟೆ. "ಎಲ್ಲಿ ಕಳಿಸ್ತಾಳೆ? ನಾನೇ ಬೇಡಿ ತಂದೆ. ಅವಳಿಗೆಲ್ಲಿ ಪುರುಸೊತ್ತು, ನಲ್ಲಿ ಬಂದ್ಮೇಲೆ ದಿನಾ ಮೆಟ್ಲು ತೊಳಿಯೋದೇ ಆಗಿದೆ."

"ವಿಷಯ ಹೇಳಿದ್ರಿ ತಾನೆ?"

"ಹೂಂ," ಎಂದೆ.

ಪಂಕಜ ಉಳಿದ ಸೀಳುಗಳನ್ನು ನಿಧಾನವಾಗಿ ತಿಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನೀವಾದ್ರೂ ಇದೀರಲ್ಲ," ಎಂದಳು. ಆ ನಾಲ್ಕು ಬೆರಳು ನನ್ನ ಕೈಯೊಳಗೆ ಇದ್ದಷ್ಟು ಹೊತ್ತು ನಾನು ಪಾಪ ಪುಣ್ಯ ಒಂದನ್ನೂ ಯೋಚಿಸಲಿಲ್ಲ. ಈ ಮಗು ಹುಟ್ಟಿದರೆ ತೊಟ್ಟಿಲು ತಳ್ಳಿ ಬರುವುದಲ್ಲ, ಎರೆದು, ಕಾಡಿಗೆ ಹಚ್ಚಿ, ತೊಡೆಯ ಮೇಲೆ ಮಲಗಿಸಿಕೊಳ್ಳುವಷ್ಟು ನನ್ನದಾಗುತ್ತದೆ ಎಂದು ಯೋಚಿಸಿದೆ.

ತೂಕದ ದಿನ ಬಂತು. ಮುಕುಂದರಾಯರು ಈ ಸಲ ಗಿರಣಿ ಕಡೆಯಿಂದ ಶುರು ಮಾಡಿಸಿದರು. ಮುಕ್ಕಾಲಿ ಊರಿ ತಕ್ಕಡಿ ತೂಗುಹಾಕಿ ನಾನು ಮನೆ ಮನೆಗೂ ನಿಂತೆ, ಬೀದಿಯೆಲ್ಲ ಹಿಂದೆ ಬಂತು. ನಲ್ಲಿ ಇಲ್ಲದ ಮನೆಗಳಲ್ಲಿ ಇಪ್ಪತ್ತು ಕಿಲೋ, ಮೂವತ್ತು ಕಿಲೋ. ರಾಯರ ಮುಖ ಅರಳುತ್ತಾ ಹೋಯಿತು. ಕೆಂಪು ದಾರವನ್ನು ಮತ್ತೆ ಸೂರಿಗೆ ಏರಿಸುತ್ತೇನೆಂದು ಜೊತೆಯ ಗುಮಾಸ್ತನಿಗೆ ಹೇಳಿದರು. ನಲ್ಲಿ ಇದ್ದವರ ಮನೆಗಳಲ್ಲಿ ಒಂದೋ ಎರಡೋ ಕಿಲೋ, ಅದೂ ಹಳೇ ಜಗಳದ್ದು. ಹೀಗೆ ಹದಿನೈದನೇ ಮನೆಗೆ ಬಂದೆವು.

ರಾಜಮ್ಮಣ್ಣಿಯ ಮರದ ಕಾಯಿ ಆರು ಸಲ ತಕ್ಕಡಿಗೆ ಏರಿತು. ನೂರಾ ಎಂಟು ಕಿಲೋ. ಹೆಂಗಸರ ಬಾಯಿ ಬಿಚ್ಚಿತು.

"ನಲ್ಲಿ ಇಟ್ಕೊಂಡೂ ಇಷ್ಟೊಂದಾ?"

"ಮನೆ ಮುಂದೆ ಗಂಗೆ ಹರಿದ್ರೂ ಹೊಟ್ಟೆ ತಣ್ಣಗಾಗ್ಲಿಲ್ಲ ನೋಡು!"

"ಇನ್ನೇನು ಬೇಕಂತೆ ಮಾರಾಯ್ತಿಗೆ? ಸಮುದ್ರ ತಂದು ಕೊಡ್ಬೇಕಾ?"

ಅವಳು ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು. ಯಾಕೆ ಎಂದು ಒಂದು ಮಾತು ಹೇಳಿದ್ದರೆ ಬಾಯಿಗಳೆಲ್ಲ ಮುಚ್ಚುತ್ತಿದ್ದವು. ಹೇಳಿದರೆ ಹೊಂಬಾಳಮ್ಮನಿಗೆ ಕೆಟ್ಟ ಹೆಸರು, ಮಗಳಿಗೆ ಬಿಸಿ ತಗಲುತ್ತದೆ. ಅದಕ್ಕೇ ಹೇಳಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಅಂಗಳದ ಕಡೆ ಕೈ ತೋರಿಸಿದರು. "ಪಕ್ಕದಲ್ಲೇ ನೋಡ್ರಪ್ಪ, ನಲ್ಲಿ ಇಲ್ಲ, ಮರದಲ್ಲಿ ಒಂದು ಕಾಯಿ ಇಲ್ಲ. ಹೆಂಗಸು ಅಂದ್ರೆ ಇವ್ರು. ತಕ್ಕಡಿ ಇವ್ರ ಕೈಲೇ ಇರ್ಬೇಕು." ರಾಯರೂ ನನ್ನ ಬರಿದಾದ ಮರ ನೋಡಿ ಕೈ ಮುಗಿದರು. ಸುಳ್ಳೇಕೆ ಹೇಳಲಿ, ಆ ಮಾತು ನನಗೆ ಸಕ್ಕರೆಯಾಗಿತ್ತು.

ಆಗ ರಾಜಮ್ಮಣ್ಣಿ ತಲೆಯೆತ್ತಿದಳು. ನನ್ನನ್ನು ಬಯ್ಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಅಷ್ಟು ಜನ ಆಡಿಕೊಳ್ಳುತ್ತಿರುವ ನಡುವೆ ಅವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಇಷ್ಟೇ: "ಇವತ್ತು ಬಂದಿದ್ಲಾಕ್ಕ? ಚೆನ್ನಾಗಿದ್ಲಾ?"

ನನ್ನ ಕೈಯಲ್ಲಿ ತಕ್ಕಡಿಯ ಸರಪಳಿ ಇತ್ತು. "ಹೂಂ" ಎಂದರೆ ಮುಗಿಯುತ್ತಿತ್ತು. ಆ ಹೂಂ ಎಂಬುದನ್ನು ಎರಡು ತಿಂಗಳಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಆದರೆ ಅವತ್ತು ಅದು ಬರಲಿಲ್ಲ.

"ರಾಜಿ, ನಿನ್ ಮಗಳು ಬಸುರಿ ಕಣೇ," ಎಂದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಬಾಯಿಂದ ಜೋರಾಗಿ ಬಂತು. "ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ. ನಿಂಗೆ ಹೇಳು ಅಂತ ನಂಗೆ ಹೇಳಿದ್ಲು, ನಾನು ಹೇಳ್ಲಿಲ್ಲ. ನಿಂಗೆ ಗೊತ್ತು ಅಂತ ಅವಳಿಗೆ ಸುಳ್ಳು ಹೇಳ್ದೆ. ಕೇಳಿಸ್ಕೊಳ್ರೇ ಎಲ್ರೂ, ಇವಳು ನೀರಿಗೆ ಉರಿದಿದ್ದಲ್ಲ. ದಿನಾ ಮಗಳ ಮುಖ ನೋಡೋಳು ನಾನು. ನನ್ನ ನೋಡಿ ಉರಿದಿದ್ದು."

ಐದು ತಿಂಗಳ ಪದ್ಧತಿ ಮುರಿದುಬಿದ್ದಿತ್ತು. ಬೀದಿಯ ಎರಡು ಮೂರು ಮರಗಳಲ್ಲಿ ಎಲೆ ಅಲುಗಿದ ಸದ್ದಾಯಿತು. ನಾನು ಅತ್ತ ನೋಡಲಿಲ್ಲ, ರಾಜಮ್ಮಣ್ಣಿಯ ಮುಖವನ್ನೇ ನೋಡುತ್ತಿದ್ದೆ.

"ನಿಂಗೆ ಯಾವಾಗಿಂದ ಗೊತ್ತು?" ಎಂದಳು.

"ಎರಡು ತಿಂಗಳಿದ್ದಾಗಿಂದ."

ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ನನ್ನ ಪಾಲಿಗೂ ಅವಳಿಂದ ಏನೋ ಒಂದು ಸಿಕ್ಕಂತಾಗುತ್ತಿತ್ತು. ಅವಳಿಗೆ ಅದಕ್ಕೂ ಪುರುಸೊತ್ತಿರಲಿಲ್ಲ. ಮುಖ ಕೆಂಪಾಗಿ, ಇಪ್ಪತ್ತು ವರ್ಷ ಚಿಕ್ಕವಳಾದಳು. ತೂಗಿಟ್ಟ ರಾಶಿಯಿಂದ ಮಡಿಲು ತುಂಬ ಕಂಚಿಕಾಯಿ ಬಾಚಿಕೊಂಡು ನಡೆದೇಬಿಟ್ಟಳು. "ಅಮ್ಮಾ, ಅಮ್ಮಾ, ತೂಕ ಆಗಿರೋದು ಅದು, ಸರ್ಕಾರದ್ದು!" ಎಂದು ರಾಯರು ಕೂಗಿದರು. ಕಿವುಡ ಗಂಡ ಎಲ್ಲರ ಮುಖ ನೋಡಿ, "ಏನಾಯ್ತು? ಏನಂತೆ?" ಎಂದು ಕೇಳುತ್ತಲೇ ಇದ್ದ.

ಅವಳು ಹೊಂಬಾಳಮ್ಮನ ಬಾಗಿಲಲ್ಲಿ ನಿಂತು ಕೂಗಿದ್ದು ಇಲ್ಲಿಗೆ ಕೇಳಿಸಿತು. ಹೊಂಬಾಳಮ್ಮ ಏನೋ ಅಂದಳು, ಇವಳು ಅದಕ್ಕಿಂತ ಜೋರಾಗಿ ಅಂದಳು. ಆಮೇಲೆ ಪಂಕಜ ಹೊರಗೆ ಬಂದಳು. ತಾಯಿ ಅವಳ ಕೈ ಹಿಡಿದು, ಹತ್ತಬಾರದ ಬಾವಿಕಟ್ಟೆ ಹತ್ತಿ ಕೂರಿಸಿಕೊಂಡಳು. ಅವಳ ಕಿವಿಯಲ್ಲಿ ಏನು ಹೇಳಿದಳೋ, ಪಂಕಜ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು. ಅಷ್ಟು ದೂರದಿಂದ ಕಣ್ಣು ಕಾಣುವುದಿಲ್ಲ, ಆದರೂ ಕಂಡಿತು. ಆಮೇಲೆ ಆ ತಲೆ ತಾಯಿಯ ತೋಳಿಗೆ ಆನಿಕೊಂಡಿತು. ನನ್ನ ತೋಳಿಗೆ ಆನಿಕೊಂಡದ್ದಕ್ಕಿಂತ ಬೇರೆ ರೀತಿಯಲ್ಲಿ, ಭಾರ ಬಿಟ್ಟು.

ಮಾಡಿದ ಒಳ್ಳೆಯ ಕೆಲಸದಿಂದ ನನ್ನ ಮನಸ್ಸು ಹಗುರಾಯಿತು ಎಂದು ಹೇಳಿದರೆ ಕೇಳುವವರಿಗೆ ಚೆಂದ. ಆಗಲಿಲ್ಲ. ಉರಿಯಿತು. ನಲ್ಲಿಗೆ ಉರಿದದ್ದೆಲ್ಲ ಉರಿಯೇ ಅಲ್ಲ, ಬೂದಿಯೊಳಗಿನ ಕಿಡಿ. ಇದು ಬೇರೆ. ಅವಳಿಗೆ ಆ ಹುಡುಗಿ ಇದ್ದಾಳೆ, ಹುಟ್ಟುವ ಮಗು ಇದೆ, ಮೂರು ತಿಂಗಳು ಮುಖ ನೋಡದಿದ್ದರೂ ಒಂದು ಗಳಿಗೆಯಲ್ಲಿ ಎಲ್ಲ ಅವಳದ್ದಾಯಿತು. ನಾನು ದಿನಾ ಹೊತ್ತು ತಂದು ತಿನ್ನಿಸಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

"ಅರೆರೆ, ಇಲ್ಲಿ ನೋಡಿ!" ಎಂದು ರಾಯರು ಚಪ್ಪಾಳೆ ತಟ್ಟಿದರು. ನಾನು ತಿರುಗಲಿಲ್ಲ. ಬೆನ್ನ ಹಿಂದೆ ಕೊಂಬೆ ಕರಕರ ಎನ್ನುತ್ತಿರುವುದು ನನಗೆ ಕೇಳಿಸುತ್ತಿತ್ತು. ನನ್ನನ್ನು ಹೊಗಳಿದ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಬ್ಬಳು ಕಂಕುಳ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು. ಮುಂದೆ ಯಾವ ಮನೆಯ ತೊಟ್ಟಿಲನ್ನೂ ನಾನು ಮುಟ್ಟಲಾರೆ ಎಂದು ಅದರಲ್ಲೇ ತಿಳಿಯಿತು.

ತಕ್ಕಡಿಯನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ನನ್ನ ಮನೆಯದ್ದನ್ನು ನಾನೇ ತೂಗಬೇಕೆಂದು ನಿಯಮ. ಮುಕ್ಕಾಲಿಯನ್ನು ನನ್ನ ಅಂಗಳಕ್ಕೆ ಎಳೆದುಕೊಂಡು ಬಂದೆ. ಆಳುಗಳು ಕೊಯ್ದು ಕೊಟ್ಟಂತೆ ತಟ್ಟೆ ತುಂಬಿಸಿದೆ, ಇಳಿಸಿದೆ, ಮತ್ತೆ ತುಂಬಿಸಿದೆ. "ಹದಿನಾಲ್ಕನೇ ಮನೆ, ಹೇರಳೆ, ಇಪ್ಪತ್ತು ಕಿಲೋ," ಎಂದು ನಾನೇ ಕೂಗಿದೆ. "ನಲವತ್ತು. ಅರವತ್ತು." ಗುಮಾಸ್ತನ ಪೆನ್ಸಿಲು ಮೊಂಡಾಯಿತು, ಕೆತ್ತಿಕೊಂಡು ಬಂದ. ನೂರು ದಾಟಿತು. ಮರದ ಕೆಳಗಿನ ಕೊಂಬೆಗಳೆಲ್ಲ ಖಾಲಿಯಾದವು.

"ಮುಗೀತಲ್ವಾ ಅಮ್ಮ? ಒಟ್ಟು ಹಾಕ್ಲಾ?" ಎಂದು ರಾಯರು ಕೇಳಿದರು.

ಬಾವಿಕಟ್ಟೆಯ ಕಡೆಯಿಂದ ಪಂಕಜ ನಕ್ಕದ್ದು ಕೇಳಿಸಿತು. ಹುಳಿ ಕಚ್ಚಿ, ಕಣ್ಣಲ್ಲಿ ನೀರು ಬಂದು, ಬಾಯಿ ತುಂಬ ನಗುವ ನಗು. ಮೂರು ತಿಂಗಳಲ್ಲಿ ನನ್ನ ಹತ್ತಿರ ಒಮ್ಮೆಯೂ ಅವಳು ಹಾಗೆ ನಕ್ಕಿರಲಿಲ್ಲ.

"ಇಲ್ಲ ಸ್ವಾಮಿ," ಎಂದೆ. "ತಡೀರಿ. ಇನ್ನೂ ಬರ್ತಾ ಇದೆ."